ಹಾದಿಯನ್ನು ಕಾಯ್ದವರು

ಅಮೆರಿಕಾ ದೇಶದ ಪೂರ್ವಭಾಗದಲ್ಲಿ ಉದ್ದಕ್ಕೂ ಹಬ್ಬಿರುವ ಅಪಲೇಶಿಯನ್ ಪರ್ವತಶ್ರೇಣಿಯ ನೆತ್ತಿಯನ್ನು ಹಿಡಿದು, ದಕ್ಷಿಣದಲ್ಲಿ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದಲ್ಲಿ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳನ್ನು ದಾಟಿ ಸಾಗುವ ಕಾಲುಹಾದಿಯೊಂದುಂಟು. ಅದರ ಉದ್ದ ಸುಮಾರು 3,500 ಕಿಲೋಮೀಟರು. ವಸಂತದ ಆರಂಭದಲ್ಲಿ ಸಾವಿರಾರು ಮಂದಿ ಬೆನ್ನಿಗೆ ಗಂಟು ಬಿಗಿದು ದಕ್ಷಿಣದ ತುದಿಯಿಂದ ಹೊರಡುತ್ತಾರೆ. ಐದಾರು ತಿಂಗಳುಗಳ ತರುವಾಯ ಉತ್ತರದ ಶಿಖರವನ್ನು ಮುಟ್ಟುವವರು ಅವರಲ್ಲಿ ಕಾಲುಭಾಗದಷ್ಟು ಮಾತ್ರ. ಮುಟ್ಟಿದವರ ಸಾಹಸವನ್ನು ಕುರಿತು ಗ್ರಂಥಗಳು ಹೇರಳವಾಗಿವೆ. ಆದರೆ ಈ ಹಾದಿಯ ನಿಜವಾದ ಚರಿತ್ರೆ ನಡೆದವರದಕ್ಕಿಂತ ಮಿಗಿಲಾಗಿ ಅದನ್ನು ಕಡಿದು, ಸವರಿ, ಗುರುತು ಬಳಿದು, ಸೋರುವ ಮಾಡನ್ನು ಹೊದಿಸಿ ಕಾಪಾಡಿಕೊಂಡು ಬಂದವರದೆಂದು ನನಗೆ ತೋರುತ್ತದೆ. ಅವರ ಹೆಸರುಗಳು ಬಹುಮಟ್ಟಿಗೆ ಎಲ್ಲಿಯೂ ಬರೆದಿಟ್ಟಿಲ್ಲ.

ಈ ಹಾದಿಯ ಕಲ್ಪನೆ ಮೂಡಿದುದು ಬೆಂಟನ್ ಮೆಕಾಯ್ ಎಂಬ ಅರಣ್ಯಶಾಸ್ತ್ರಜ್ಞನ ಮನಸ್ಸಿನಲ್ಲಿ. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಆತನ ಪತ್ನಿ ಜೆಸ್ಸಿ 1921ರ ಏಪ್ರಿಲ್ ತಿಂಗಳಿನಲ್ಲಿ ತೀರಿಕೊಂಡಳು. ದುಃಖದಲ್ಲಿ ಮುಳುಗಿದ್ದ ಆತನನ್ನು, ವಾಸ್ತುಶಿಲ್ಪಿಗಳ ಸಂಸ್ಥೆಯೊಂದರ ಪತ್ರಿಕೆಗೆ ಸಂಪಾದಕನಾಗಿದ್ದ ಚಾರ್ಲ್ಸ್ ವಿಟೇಕರ್ ಎಂಬ ಮಿತ್ರನು ಆದರದಿಂದ ನ್ಯೂಜೆರ್ಸಿಗೆ ಕರೆಸಿಕೊಂಡನು. ಅಲ್ಲಿ ನಡೆದ ಸಂಭಾಷಣೆಗಳ ಫಲವಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಮೆಕಾಯನ ಲೇಖನ ಆ ಪತ್ರಿಕೆಯಲ್ಲಿ ಪ್ರಕಟವಾಯಿತು. ಆತನು ಬಯಸಿದುದು ಕೇವಲ ವಿಹಾರಕ್ಕೊಂದು ದಾರಿಯನ್ನಲ್ಲ. ದಿನವೊಂದರ ನಡಿಗೆಯ ಅಂತರದಲ್ಲಿ ಒಂದೊಂದು ತಂಗುದಾಣ, ಅವುಗಳ ಆಸುಪಾಸಿನಲ್ಲಿ ಸಾಮುದಾಯಿಕ ವಸತಿಗಳು, ಕಾಲಕ್ರಮದಲ್ಲಿ ಕಣಿವೆಗಳ ಇಳಿಜಾರಿನಲ್ಲಿ ಅಲ್ಲಿಯವರೇ ಉತ್ತು ಬಿತ್ತಿ ಬೆಳೆಯುವ ಹೊಲಗಳು. ಕಾರ್ಖಾನೆಗಳ ಹೊಗೆಯಲ್ಲಿ ಬಸವಳಿದ ನಗರವಾಸಿಗಳು ಅಲ್ಲಿಗೆ ಬಂದು ಆರೋಗ್ಯವನ್ನೂ, ಪರಸ್ಪರ ಸ್ಪರ್ಧೆಯಿಲ್ಲದೆ ಕೂಡಿ ದುಡಿಯುವ ಅಭ್ಯಾಸವನ್ನೂ ಮರಳಿ ಪಡೆಯಬೇಕು ಎಂಬುದು ಆತನ ಆಶಯ. ಹಾದಿ ಇವೆಲ್ಲವನ್ನೂ ಪೋಣಿಸುವ ದಾರ ಮಾತ್ರವಾಗಿತ್ತು. ವಸತಿಗಳು ಏಳಲಿಲ್ಲ, ಹೊಲಗಳು ಹಸುರಾಗಲಿಲ್ಲ, ದಾರವೊಂದೇ ಉಳಿಯಿತು.

ಉಳಿದುದಾದರೂ ಸುಲಭದಲ್ಲಲ್ಲ. ವರ್ಮಾಂಟ್ ರಾಜ್ಯದ ಗ್ರೀನ್ ಮೌಂಟನ್ ಕ್ಲಬ್ಬು 1910ರಿಂದಲೇ ತನ್ನ ಬೆಟ್ಟಗಳ ಮೇಲೆ ಹಾದಿ ಕಡಿಯುತ್ತಿದ್ದಿತು. ಅಂತಹ ಹಳೆಯ ಹಾದಿಗಳನ್ನು ಹೊಸವುಗಳೊಡನೆ ಬೆಸೆಯಬೇಕಾಗಿತ್ತು. ಈ ಹಾದಿಗೆಂದೇ ಕಡಿದ ಮೊದಲ ತುಂಡು ನ್ಯೂಯಾರ್ಕಿನ ಬೇರ್ ಬೆಟ್ಟದ ಬಳಿ 1923ರಲ್ಲಿ ತೆರೆಯಿತು. 1925ರಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ಸಮ್ಮೇಳನ ಸೇರಿತಾದರೂ ಉತ್ಸಾಹವೆಲ್ಲ ಭಾಷಣಗಳಲ್ಲಿಯೇ ವ್ಯಯವಾದಂತಾಗಿ ಕೆಲಸ ಕುಂಟಿತು. ಅದಕ್ಕೆ ಮರಳಿ ಚಾಲನೆ ಕೊಟ್ಟವರು ನಿವೃತ್ತ ನ್ಯಾಯಾಧೀಶನಾದ ಆರ್ಥರ್ ಪರ್ಕಿನ್ಸ್ ಮತ್ತು ಆತನ ಬಳಿಕ ಮೇಯ್ನ್ ಪ್ರಾಂತದ ಮೈರನ್ ಏವರಿ. ನೌಕಾಸಂಬಂಧವಾದ ಕಾನೂನಿನಲ್ಲಿ ಪರಿಣತನಾದ ಈ ವಕೀಲನು, ಬೈಸಿಕಲ್ಲಿನ ಚಕ್ರವೊಂದಕ್ಕೆ ಅಳತೆಯ ಯಂತ್ರ ಜೋಡಿಸಿ, ಅದನ್ನು ಮುಂದೆ ಉರುಳಿಸುತ್ತ ಬೆಟ್ಟಬೆಟ್ಟಗಳನ್ನು ಏರಿಳಿದು ಹಾದಿಯ ಉದ್ದವನ್ನು ಅಳೆದನು. ಎಲ್ಲಿ ನೀರುಂಟು, ಎಲ್ಲಿ ತಿರುವುಂಟು ಎಂಬುದನ್ನೆಲ್ಲ ಬರೆದಿಡಿಸಿದನು. ಎರಡಂಗುಲ ಅಗಲ, ಆರಂಗುಲ ಉದ್ದದ ಬಿಳಿಯ ಪಟ್ಟಿಯನ್ನು ಮರಮರಕ್ಕೂ ಬಳಿದು ದಾರಿ ತೋರಿಸುವ ಕ್ರಮ ಇಂದಿಗೂ ನಡೆದುಬಂದಿದೆ. 1937ರ ಆಗಸ್ಟ್ 14ರಂದು ಮೇಯ್ನ್ ರಾಜ್ಯದ ಎರಡು ಬೆಟ್ಟಗಳ ನಡುವೆ ಕೊನೆಯ ಕೊಂಡಿ ಕೂಡಿಕೊಂಡಿತು.

ಅಷ್ಟರಲ್ಲಿ ಕಲ್ಪಿಸಿದವನಿಗೂ ಕಟ್ಟಿದವನಿಗೂ ಮಾತು ಮುರಿದಿತ್ತು. ವರ್ಜೀನಿಯಾದ ಬೆಟ್ಟಗಳ ನೆತ್ತಿಯ ಮೇಲೆ ಸರ್ಕಾರವು ಮೋಟಾರು ರಸ್ತೆಯೊಂದನ್ನು ಹಾಕಿದಾಗ, ಪರ್ವತದ ಏಕಾಂತವೇ ಹೋದ ಮೇಲೆ ಹಾದಿಯಿಂದ ಪ್ರಯೋಜನವೇನೆಂದು ಮೆಕಾಯ್ ವಾದಿಸಿದನು. ರಸ್ತೆಯನ್ನು ತಡೆಯುವುದು ನಮ್ಮಿಂದಾಗದು, ಆದುದರಿಂದ ಹಾದಿಯನ್ನು ಪಕ್ಕಕ್ಕೆ ಸರಿಸಿ ಉಳಿಸಿಕೊಳ್ಳೋಣವೆಂದು ಏವರಿ ಹೇಳಿದನು. 1935ರ ಹೊತ್ತಿಗೆ ಅವರ ಸ್ನೇಹ ಮುಗಿಯಿತು. ಮೆಕಾಯನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಏವರಿಯ ಹಠವಿಲ್ಲದೆ ಹೋಗಿದ್ದರೆ ಆ ಸುಂದರ ಲೇಖನ ಹಳೆಯ ಪತ್ರಿಕೆಯ ಕಟ್ಟಿನಲ್ಲಿ ಧೂಳು ಹಿಡಿದಿರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ನಿರ್ಜನವೆಂದು ಹೊಗಳಿಸಿಕೊಳ್ಳುವ ಈ ಬೆಟ್ಟಗಳು ಹಿಂದೆ ನಿರ್ಜನವಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ದಕ್ಷಿಣದ ಶಿಖರಗಳ ಸುತ್ತ ನೆಲೆಸಿದ್ದ ಚೆರೋಕೀ ಜನರಲ್ಲಿ ಬಹುಪಾಲನ್ನು 1838ರಲ್ಲಿ ಸೈನ್ಯವು ಬಲಾತ್ಕಾರದಿಂದ ಪಶ್ಚಿಮಕ್ಕೆ ಅಟ್ಟಿತು. ದಾರಿಯಲ್ಲಿ ಸಹಸ್ರಾರು ಮಂದಿ ಸತ್ತರು. ಅವರ ತರುವಾಯ ಅಲ್ಲಿ ಬೇರೂರಿದ ಬಡ ರೈತಕುಟುಂಬಗಳನ್ನು, 1930ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನಗಳಿಗೆ ಭೂಮಿ ಬೇಕಾದಾಗ, ಮನೆಮಠಗಳಿಂದ ಎಬ್ಬಿಸಿದರು. ಕಾಡಿನ ನಡುವೆ ಅಕಸ್ಮಾತ್ತಾಗಿ ಎದುರಾಗುವ ಸೇಬಿನ ಮರ, ಪಾಚಿಗಟ್ಟಿದ ಒಲೆಗೂಡಿನ ಕಲ್ಲು, ಮಣ್ಣಿನಲ್ಲಿ ಅರ್ಧ ಹೂತ ಗೋರಿ ಇವೆಲ್ಲ ಅವರವು. ಹಾದಿಯ ಅತ್ಯುನ್ನತ ಸ್ಥಾನವಾದ, 2,025 ಮೀಟರು ಎತ್ತರದ ಶಿಖರಕ್ಕೆ ಬಹುಕಾಲ ಒಬ್ಬ ಸೇನಾನಿಯ ಹೆಸರಿದ್ದಿತು; 2024ರಲ್ಲಿ ಅದಕ್ಕೆ ಕುವೋಹಿ ಎಂಬ ಚೆರೋಕೀ ಹೆಸರು ಮರಳಿ ಬಂದುದು ತಡವಾದರೂ ನ್ಯಾಯವೇ ಸರಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕತ್ತಿ ಹಿಡಿದು ಪೊದೆ ಸವರುವವರಿಲ್ಲದೆ ಹಾದಿ ಅಲ್ಲಲ್ಲಿ ಮುಚ್ಚಿಹೋಯಿತು. ಆ ಸ್ಥಿತಿಯಲ್ಲಿಯೇ 1948ರಲ್ಲಿ ಅರ್ಲ್ ಶಾಫರ್ ಎಂಬ ಮಾಜಿ ಸೈನಿಕನು, ಯುದ್ಧದಲ್ಲಿ ಕಳೆದುಕೊಂಡ ಆಪ್ತಮಿತ್ರನ ಶೋಕವನ್ನು ಹೊತ್ತು, ಮಾರ್ಗದರ್ಶಿ ಪುಸ್ತಕಗಳಿಲ್ಲದೆ ಸಾಧಾರಣ ರಸ್ತೆಯ ನಕಾಶೆಗಳನ್ನು ನಂಬಿಕೊಂಡು, ತುದಿಯಿಂದ ತುದಿಗೆ ಒಂದೇ ಪ್ರಯಾಣದಲ್ಲಿ ನಡೆದು ಮುಗಿಸಿದನು. ಹಾಗೆ ನಡೆಯಬಹುದೆಂದು ಹಾದಿಯ ಅಧಿಕಾರಿಗಳೇ ನಂಬಿರಲಿಲ್ಲ. ಆತನ ದಿನಚರಿಯನ್ನೂ ಛಾಯಾಚಿತ್ರಗಳನ್ನೂ ನೋಡಿದ ಮೇಲೆ ಒಪ್ಪಿದರು. ಆತನಿಗಿಂತಲೂ ನನಗೆ ಪ್ರಿಯಳಾದವಳು ಒಹಾಯೋದ ಎಮಾ ಗೇಟ್‌ವುಡ್. ಹನ್ನೊಂದು ಮಕ್ಕಳನ್ನು ಹೆತ್ತು ಸಾಕಿ, ಗಂಡನ ಹೊಡೆತಗಳನ್ನು ವರ್ಷಗಟ್ಟಲೆ ಸಹಿಸಿ, ಕಡೆಗೆ ಬಿಡುಗಡೆ ಪಡೆದ ಆ ತಾಯಿ, 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಬಟ್ಟೆಯ ಬೂಟು ತೊಟ್ಟು, ಕೈಯಲ್ಲೇ ಹೊಲಿದ ಚೀಲವೊಂದನ್ನು ಹೆಗಲಿಗೆ ಹಾಕಿ, ಮಳೆಗೆ ಸ್ನಾನದ ಮನೆಯ ಪರದೆಯೊಂದನ್ನು ಹೊದ್ದು ಒಬ್ಬಳೇ ನಡೆದಳು. ಪತ್ರಿಕೆಗಳವರು ಮುತ್ತಿಕೊಂಡಾಗ ಆಕೆ ಹಾದಿಯ ದುಸ್ಥಿತಿಯನ್ನೂ ಕುಸಿದ ತಂಗುದಾಣಗಳನ್ನೂ ಕುರಿತು ನಿಷ್ಠುರವಾಗಿ ನುಡಿದುದರಿಂದ, ಜನರ ಲಕ್ಷ್ಯ ಮತ್ತೆ ಅತ್ತ ಹರಿಯಿತು.

ಆ ತಂಗುದಾಣಗಳೇ ಹಾದಿಯ ಬಾಳಿನ ಕೇಂದ್ರ. ಈಗ ಅವು 250ಕ್ಕೂ ಮಿಕ್ಕಿ ಇವೆ: ಮೂರು ಕಡೆ ಮರದ ಗೋಡೆ, ಮುಂದುಗಡೆ ಬಯಲು, ಮೇಲೊಂದು ಇಳಿಜಾರು ಮಾಡು, ಮಲಗಲು ಹಲಗೆಯ ಜಗಲಿ. ಮುಸ್ಸಂಜೆಗೆ ಒಬ್ಬೊಬ್ಬರಾಗಿ ಬಂದು ಸೇರುವ ಅಪರಿಚಿತರು ಒದ್ದೆಯ ಕಾಲುಚೀಲಗಳನ್ನು ಹಗ್ಗಕ್ಕೆ ತೂಗುಹಾಕಿ, ತಂತಮ್ಮ ಪುಟ್ಟ ಒಲೆಗಳಲ್ಲಿ ಗಂಜಿಯಂಥದೇನನ್ನಾದರೂ ಬೇಯಿಸಿಕೊಂಡು, ಕರಡಿಗೆ ಎಟುಕದಂತೆ ಬುತ್ತಿಯ ಚೀಲವನ್ನು ಎತ್ತರದ ಕೊಂಬೆಗೆ ಕಟ್ಟಿ, ರಾತ್ರಿಯಿಡೀ ಇಲಿಗಳ ಓಡಾಟವನ್ನು ಕೇಳುತ್ತ ಒಬ್ಬರ ಪಕ್ಕಕ್ಕೊಬ್ಬರು ಮಲಗುತ್ತಾರೆ. ಅಲ್ಲಿ ಇಟ್ಟಿರುವ ದಪ್ಪ ಪುಸ್ತಕದಲ್ಲಿ ಮುಂದಿನ ಒರತೆ ಬತ್ತಿದೆಯೆಂದೋ, ಹಿಂದೆ ಬರುವ ಗೆಳೆಯನು ಬೇಗ ಬರಲೆಂದೋ ಬರೆದಿಡುತ್ತಾರೆ. ಹುಟ್ಟುಹೆಸರನ್ನು ಊರಿನಲ್ಲಿ ಬಿಟ್ಟು, ಸಹಚರರು ಕೊಟ್ಟ ಹೊಸ ಹೆಸರಿನಿಂದ ತಿಂಗಳುಗಟ್ಟಲೆ ಕರೆಯಿಸಿಕೊಳ್ಳುತ್ತಾರೆ. ವೈದ್ಯನಾರು, ಬಡಗಿಯಾರು ಎಂಬುದು ಅಲ್ಲಿ ತಿಳಿಯದು. ನಾಲ್ಕೈದು ದಿನಗಳಿಗೊಮ್ಮೆ ಕಣಿವೆಯ ಹಳ್ಳಿಗಿಳಿದು, ಮನೆಯವರು ಅಂಚೆಕಚೇರಿಗೆ ಕಳುಹಿಸಿದ ಆಹಾರದ ಪೊಟ್ಟಣವನ್ನು ಬಿಡಿಸಿಕೊಂಡು ಮತ್ತೆ ಬೆಟ್ಟವೇರುತ್ತಾರೆ. ಹಾದಿಯು ರಸ್ತೆಯನ್ನು ಅಡ್ಡಹಾಯುವೆಡೆಗಳಲ್ಲಿ, ನಮ್ಮ ಬೇಸಗೆಯ ಅರವಟ್ಟಿಗೆಗಳಂತೆ, ಸುತ್ತಲಿನ ಊರವರು ನೀರನ್ನೂ ಹಣ್ಣನ್ನೂ ಇಟ್ಟು ಹೆಸರು ಹೇಳದೆ ಹೋಗುವುದುಂಟು. ಮೆಕಾಯ್ ಬಯಸಿದ ಸಾಮುದಾಯಿಕ ಜೀವನ, ಆತನು ಊಹಿಸದ ಈ ರೂಪದಲ್ಲಿ, ಸ್ವಲ್ಪಮಟ್ಟಿಗೆ ಕೈಗೂಡಿತೆಂದು ನಾನು ತಿಳಿದಿದ್ದೇನೆ.

1968ರಲ್ಲಿ ಕಾನೂನು ಇದನ್ನು ರಾಷ್ಟ್ರೀಯ ಹಾದಿಯೆಂದು ಅಂಗೀಕರಿಸಿತು. 1978ರ ತಿದ್ದುಪಡಿಯ ತರುವಾಯ, ಖಾಸಗಿ ಹಿಡುವಳಿಗಳ ದಯೆಯಲ್ಲಿದ್ದ ಭಾಗಗಳನ್ನು ಕೊಳ್ಳಲು ಹಣವೂ ದೊರೆಯಿತು. ಆದರೆ ಕಾನೂನು ಪೊದೆ ಸವರುವುದಿಲ್ಲ. ಆ ಕೆಲಸವನ್ನು ಸುಮಾರು 30 ಸ್ಥಳೀಯ ಸಂಘಗಳ ಸಹಸ್ರಾರು ಸದಸ್ಯರು, ಒಬ್ಬೊಬ್ಬರು ತಮ್ಮ ಪಾಲಿಗೆ ಬಂದ ಕೆಲವು ಮೈಲಿಗಳನ್ನು ವಹಿಸಿಕೊಂಡು, ಕೂಲಿಯಿಲ್ಲದೆ ಮಾಡುತ್ತಾರೆ: ಮಳೆನೀರು ಹಾದಿಯನ್ನು ಕೊರೆಯದಂತೆ ಅಡ್ಡಕಲ್ಲು ಹೂಡುವುದು, ಬಿದ್ದ ಮರವನ್ನು ಗರಗಸದಿಂದ ತುಂಡರಿಸುವುದು, ಮಾಸಿದ ಬಿಳಿಯ ಪಟ್ಟಿಗೆ ಮತ್ತೆ ಬಣ್ಣ ಹಚ್ಚುವುದು, ಪಾಯಿಖಾನೆಗೆ ಹೊಸ ಗುಂಡಿ ತೋಡುವುದು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಎಂಬ ಚಂಡಮಾರುತವು ದಕ್ಷಿಣದ ನೂರಾರು ಮೈಲಿಗಳಷ್ಟು ಹಾದಿಯ ಮೇಲೆ ಕಾಡನ್ನೇ ಕೆಡವಿ, ಸೇತುವೆಗಳನ್ನು ಕೊಚ್ಚಿಕೊಂಡು ಹೋದಾಗ, ಗರಗಸ ಹಿಡಿದು ಮೊದಲು ಬೆಟ್ಟ ಹತ್ತಿದವರಲ್ಲಿ ಇವರೂ ಇದ್ದರು. ಅವರಲ್ಲಿ ಹಲವರ ಸ್ವಂತ ಊರುಗಳೇ ಪ್ರವಾಹಕ್ಕೆ ಸಿಕ್ಕಿದ್ದವು. ಮರುವರ್ಷದ ವಸಂತದಲ್ಲಿ ಜಾರ್ಜಿಯಾದಿಂದ ಹೊರಟವರು ಅದೇ ಬೆಟ್ಟಗಳನ್ನು ದಾಟಿ ಉತ್ತರಕ್ಕೆ ನಡೆದರು.