ಹೆದ್ದಾರಿಯಲ್ಲಿ 4,000 ಆರ್‌ಪಿಎಂ ದಾಟಿದರೆ ಬೈಕ್ ಎಂಜಿನ್ ಸೀಜ್ ಆಗುತ್ತದೆಯೇ?

ಸಾಲು ರಜೆ ಬಂದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದು ಬಗೆಯ ಸಂದೇಶ ಸುತ್ತುತ್ತದೆ. ಬೈಕ್‌ನಲ್ಲಿ ದೂರದ ಊರಿಗೆ ಹೊರಟವರು ಯಾವ ಕಾರಣಕ್ಕೂ 4,000 ಆರ್‌ಪಿಎಂ ದಾಟಬಾರದು, ದಾಟಿದರೆ ಪಿಸ್ಟನ್ ಸಿಕ್ಕಿಕೊಂಡು ಹಿಂದಿನ ಚಕ್ರ ಲಾಕ್ ಆಗುತ್ತದೆ, 50 ಕಿ.ಮೀ.ಗೊಮ್ಮೆ ಗಾಡಿ ನಿಲ್ಲಿಸಿ 20 ನಿಮಿಷ ಎಂಜಿನ್ ತಣಿಸಬೇಕು. ನಿಮ್ಮವರ ಜೀವ ಉಳಿಯಬೇಕೆಂದರೆ ಎಲ್ಲ ಗ್ರೂಪ್‌ಗಳಿಗೂ ಕಳಿಸಿ. ಸ್ವಲ್ಪ ಹೆಚ್ಚುಕಡಿಮೆ ಇದೇ ಅದರ ಸಾರ.

ಸಂದೇಶದಲ್ಲಿ ಒಂದು ಎಳೆ ಸತ್ಯವಿದೆ. ಎಂಜಿನ್ ಸೀಜ್ ಆದರೆ ಚಕ್ರ ಲಾಕ್ ಆಗುವುದು ನಿಜ. ಆದರೆ 4,000 ಎಂಬ ಅಂಕಿ ಎಲ್ಲ ಬೈಕ್‌ಗಳಿಗೂ ಅನ್ವಯಿಸುವುದಿಲ್ಲ. 50 ಕಿ.ಮೀ. ನಿಯಮವಂತೂ ಇಂದಿನ ಬೈಕ್‌ಗಳಿಗೆ ಬೇಕಾಗಿಲ್ಲ. ಅದನ್ನು ನಂಬಿ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳು ಹಾದುಹೋಗುವ ಜಾಗದಲ್ಲಿ ಹೆಂಡತಿ ಮಕ್ಕಳೊಂದಿಗೆ ನಿಂತುಕೊಳ್ಳುವುದು, ಬಿಸಿಯಾದ ಎಂಜಿನ್‌ಗಿಂತ ಎಷ್ಟೋ ಪಾಲು ಹೆಚ್ಚು ಅಪಾಯ.

ಆರ್‌ಪಿಎಂ ಎಂದರೆ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ ಒಂದು ನಿಮಿಷದಲ್ಲಿ ಎಷ್ಟು ಸುತ್ತು ಸುತ್ತುತ್ತದೆ ಎಂಬ ಲೆಕ್ಕ. 4,000 ಆರ್‌ಪಿಎಂ ಎಂದರೆ ಸೆಕೆಂಡಿಗೆ ಸುಮಾರು 67 ಸುತ್ತು. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಎಂಜಿನ್‌ಗೆ ಎಷ್ಟು ಶ್ರಮವಾಗುತ್ತಿದೆ ಎಂದು ತಿಳಿಯಲು ಸುತ್ತಿನ ಲೆಕ್ಕವೊಂದೇ ಸಾಲದು. ಪಿಸ್ಟನ್ ಮೇಲಿನಿಂದ ಕೆಳಗೆ ಎಷ್ಟು ದೂರ ಚಲಿಸುತ್ತದೆ ಎಂಬುದನ್ನೂ ನೋಡಬೇಕು. ಇದಕ್ಕೆ ಸ್ಟ್ರೋಕ್ ಎನ್ನುತ್ತಾರೆ.

2021ಕ್ಕೂ ಮುಂಚಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸ್ಟ್ರೋಕ್ 90 ಮಿ.ಮೀ. ಹಳೆಯ 373 ಸಿಸಿ ಕೆಟಿಎಂ ಡ್ಯೂಕ್ 390ರದ್ದು 60 ಮಿ.ಮೀ. ಮಾತ್ರ. ಒಂದು ಸುತ್ತಿನಲ್ಲಿ ಪಿಸ್ಟನ್ ಒಮ್ಮೆ ಇಳಿದು ಒಮ್ಮೆ ಏರುತ್ತದೆ, ಅಂದರೆ ಸ್ಟ್ರೋಕ್‌ನ ಎರಡರಷ್ಟು ದೂರ ಓಡುತ್ತದೆ. ಹೀಗೆ ಲೆಕ್ಕ ಹಾಕಿದರೆ ಕ್ಲಾಸಿಕ್‌ನ ಪಿಸ್ಟನ್ 4,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸರಾಸರಿ 12 ಮೀಟರ್ ಓಡುತ್ತದೆ. ಡ್ಯೂಕ್‌ನ ಪಿಸ್ಟನ್ ಅದೇ 12 ಮೀಟರ್ ವೇಗ ತಲುಪಲು 6,000 ಆರ್‌ಪಿಎಂ ಬೇಕು. ಒಬ್ಬರ ಮೀಟರ್‌ನಲ್ಲಿ 4, ಇನ್ನೊಬ್ಬರ ಮೀಟರ್‌ನಲ್ಲಿ 6. ಪಿಸ್ಟನ್‌ಗಳ ವೇಗ ಮಾತ್ರ ಒಂದೇ. ಬುಲೆಟ್ ಓಡಿಸುವ ಅಣ್ಣ ಡ್ಯೂಕ್ ಓಡಿಸುವ ತಮ್ಮನಿಗೆ ತನ್ನ ಆರ್‌ಪಿಎಂ ಅಂಕಿಯನ್ನು ಪಾಠ ಮಾಡಿದರೆ ಅದು ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ನಿಮ್ಮ ಬೈಕ್‌ಗೆ ಎಷ್ಟು? ಉತ್ತರ ನಿಮ್ಮ ಬೈಕ್‌ನ ಕೈಪಿಡಿಯಲ್ಲೇ ಇದೆ. ಅದರಲ್ಲಿ ಗರಿಷ್ಠ ಪವರ್ ಯಾವ ಆರ್‌ಪಿಎಂನಲ್ಲಿ, ಗರಿಷ್ಠ ಟಾರ್ಕ್ ಯಾವ ಆರ್‌ಪಿಎಂನಲ್ಲಿ ಸಿಗುತ್ತದೆ ಎಂದು ಅಚ್ಚಾಗಿರುತ್ತದೆ. ಹಳೆಯ ಕ್ಲಾಸಿಕ್‌ನ ಗರಿಷ್ಠ ಪವರ್ 5,250ರಲ್ಲಿ, 2021ರ ಹೊಸ ಕ್ಲಾಸಿಕ್‌ನದು 6,100ರಲ್ಲಿ, ಸ್ಪ್ಲೆಂಡರ್‌ನದು 8,000ದಲ್ಲಿ, ಡ್ಯೂಕ್ 390ರದ್ದು 9,000ದಲ್ಲಿ. ಗಂಟೆಗಟ್ಟಲೆ ಒಂದೇ ಸಮನೆ ಓಡಿಸುವಾಗ ಈ ಗರಿಷ್ಠ ಪವರ್ ಅಂಕಿಯ ಶೇ. 60ರಿಂದ 70ರ ಒಳಗೆ ಇರುವುದು ಒಳ್ಳೆಯದು ಎಂಬುದು ನಮ್ಮ ಸಲಹೆ. ಹಳೆಯ ಕ್ಲಾಸಿಕ್‌ಗೆ ಅದು ಸುಮಾರು 3,100ರಿಂದ 3,700, ಡ್ಯೂಕ್‌ಗೆ 5,400ರಿಂದ 6,300. ಇದು ಅಂದಾಜಿನ ಸೂತ್ರವೇ ಹೊರತು ಕಾನೂನಲ್ಲ. ಲಾರಿ ಓವರ್‌ಟೇಕ್ ಮಾಡುವಾಗ ಹತ್ತು ಸೆಕೆಂಡು ಅದನ್ನು ಮೀರಿದರೆ ಎಂಜಿನ್‌ಗೆ ಏನೂ ಆಗದು.

ಹೊಸ ಬೈಕ್ ಆದರೆ ಮಾತು ಬೇರೆ. ರನ್ನಿಂಗ್ ಇನ್ ಅವಧಿಗೆ ಕಂಪನಿ ಕೈಪಿಡಿಯಲ್ಲಿ ಕೊಟ್ಟ ಮಿತಿಯನ್ನೇ ಪಾಲಿಸಿ.

ಮಿತಿ ಮೀರಿ ಓಡಿಸಿದರೆ ಹಾನಿಯಾಗುವುದೇಕೆ ಎಂಬುದಕ್ಕೂ ಲೆಕ್ಕವಿದೆ. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಎರಡು ಸಲ ಪೂರ್ತಿ ನಿಂತು ದಿಕ್ಕು ಬದಲಿಸಬೇಕು. ಹಾಗೆ ಎಳೆದು ನಿಲ್ಲಿಸುವ ಬಲವನ್ನು ಕನೆಕ್ಟಿಂಗ್ ರಾಡ್ ಹೊರಬೇಕು. ಈ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 4,000ದಿಂದ 5,000ಕ್ಕೆ ಹೋದರೆ ಆರ್‌ಪಿಎಂ ಏರಿದ್ದು ಶೇ. 25, ಬಲ ಏರಿದ್ದು ಶೇ. 56. ಜೊತೆಗೆ ಗಾಳಿಯ ತಡೆ. ಗಂಟೆಗೆ 80 ಕಿ.ಮೀ.ಯಿಂದ 100ಕ್ಕೆ ಹೋದಾಗ, ಗಾಳಿಯನ್ನು ಸೀಳಲು ಬೇಕಾದ ಪವರ್ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಆ ಪವರ್‌ಗಾಗಿ ಹೆಚ್ಚು ಪೆಟ್ರೋಲ್ ಉರಿಯಬೇಕು, ಹೆಚ್ಚು ಶಾಖ ಹುಟ್ಟಬೇಕು. ಎಂಜಿನ್‌ಗೂ ಜೇಬಿಗೂ ಭಾರವಾಗುವುದು ಆ ಕೊನೆಯ 20 ಕಿ.ಮೀ. ವೇಗ.

50 ಕಿ.ಮೀ. ನಿಯಮ ಎಲ್ಲಿಂದ ಬಂತು?

ಇದು ಹಿರಿಯರ ಅನುಭವದ ಮಾತು, ಕಾಲ ಬದಲಾದ ಮೇಲೂ ಉಳಿದುಕೊಂಡಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕ್‌ಗಳನ್ನು ತಯಾರಿಸಿತು. ಅವು ಟೂ ಸ್ಟ್ರೋಕ್ ಎಂಜಿನ್‌ಗಳು. ಅವುಗಳಲ್ಲಿ ಆಯಿಲ್ ಅನ್ನು ಪೆಟ್ರೋಲ್‌ಗೇ ಬೆರೆಸಿ ಹಾಕಬೇಕಿತ್ತು. ಬೆರೆಸಿದ್ದು ಕಡಿಮೆಯಾದರೆ, ಅಥವಾ ಉದ್ದದ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿಕೊಂಡೇ ವೇಗವಾಗಿ ಇಳಿದರೆ, ಪಿಸ್ಟನ್‌ಗೆ ಸಾಕಷ್ಟು ಆಯಿಲ್ ತಲುಪುತ್ತಿರಲಿಲ್ಲ. ಸೀಜ್ ಆಗುವ ಭಯ ಆಗ ನಿಜವಾಗಿತ್ತು. ಹಾಗಾಗಿ ಯೆಜ್ಡಿ ಓಡಿಸಿದ ದೊಡ್ಡಪ್ಪನವರು ಗಾಡಿ ನಿಲ್ಲಿಸಿ ಟೀ ಕುಡಿದು ಹೊರಡುತ್ತಿದ್ದರೆ ಅವರನ್ನು ನಾವು ಹಾಸ್ಯ ಮಾಡುವಂತಿಲ್ಲ.

ಇಂದಿನ ಬೈಕ್‌ಗಳು ಫೋರ್ ಸ್ಟ್ರೋಕ್. ಇವುಗಳಲ್ಲಿ ಆಯಿಲ್ ಎಂಜಿನ್‌ನ ತಳದಲ್ಲೇ ಇರುತ್ತದೆ, ಪಂಪ್ ಅದನ್ನು ಎಲ್ಲೆಡೆ ಹರಿಸುತ್ತದೆ. ಎಂಜಿನ್ ವೇಗವಾಗಿ ತಿರುಗಿದಷ್ಟೂ ಪಂಪ್ ಕೂಡ ವೇಗವಾಗಿ ತಿರುಗುತ್ತದೆ. ಹೊರಟ ಸ್ವಲ್ಪ ಹೊತ್ತಿಗೆ ಎಂಜಿನ್ ತನ್ನ ಕೆಲಸದ ಬಿಸಿಗೆ ಬರುತ್ತದೆ. ಆಮೇಲೆ ಹುಟ್ಟುವ ಶಾಖ, ಹೊರಹೋಗುವ ಶಾಖ ಎರಡೂ ಸಮವಾಗುತ್ತವೆ. ಅದೇ ವೇಗದಲ್ಲಿ ಹೋಗುತ್ತಿದ್ದರೆ 50ನೇ ಕಿ.ಮೀ.ಯಲ್ಲಿದ್ದ ಬಿಸಿಯೇ 150ನೇ ಕಿ.ಮೀ.ಯಲ್ಲೂ ಇರುತ್ತದೆ; ಬಿಸಿ ಕೂಡುತ್ತಾ ಹೋಗುವುದಿಲ್ಲ.

ಏರ್ ಕೂಲ್ಡ್ ಎಂಜಿನ್‌ಗೆ ಹೆದ್ದಾರಿಯ ಗಾಳಿಯೇ ಆಸರೆ. ಅದಕ್ಕೆ ನಿಜವಾಗಿ ಕಷ್ಟವಾಗುವುದು ರಜೆ ಮುಗಿಸಿ ಬರುವ ಭಾನುವಾರ ಸಂಜೆ, ನೆಲಮಂಗಲದ ಬಳಿ ಟ್ರಾಫಿಕ್‌ನಲ್ಲಿ ಎಂಜಿನ್ ಆನ್ ಇಟ್ಟುಕೊಂಡು ನಿಂತಾಗ. ಗಾಡಿಗಳು ಸದ್ಯಕ್ಕೆ ಕದಲುವಂತಿಲ್ಲ ಎನಿಸಿದರೆ ಅಲ್ಲಿ ಎಂಜಿನ್ ಆಫ್ ಮಾಡಿ.

ಕಡಿಮೆ ಆರ್‌ಪಿಎಂ ಎಂದರೆ ಸುರಕ್ಷಿತ ಎಂಬ ಇನ್ನೊಂದು ತಪ್ಪು

ಸಂದೇಶ ನಂಬಿದವರಲ್ಲಿ ಕೆಲವರು ಮೈಲೇಜ್ ಆಸೆಗೂ ಸೇರಿಸಿ, ಆಗುಂಬೆ, ಚಾರ್ಮಾಡಿ ಘಾಟಿಯಲ್ಲೂ ಟಾಪ್ ಗೇರ್‌ನಲ್ಲೇ ಹತ್ತಿಸಲು ನೋಡುತ್ತಾರೆ. ಹಿಂದೆ ಒಬ್ಬರು, ಮೇಲೊಂದು ಬ್ಯಾಗು, ಎಂಜಿನ್ ದಡದಡ ನಡುಗುತ್ತಿರುತ್ತದೆ. ಮೀಟರ್‌ನಲ್ಲಿ ಅಂಕಿ ಕಡಿಮೆ ಕಂಡರೂ ಒಳಗೆ ಸಿಲಿಂಡರ್‌ನ ಪ್ರತಿ ಸ್ಫೋಟದ ಹೊರೆ ಹೆಚ್ಚು. ಪಂಪ್ ನಿಧಾನವಾಗಿರುವುದರಿಂದ ಆಯಿಲ್‌ನ ಒತ್ತಡ ಕಡಿಮೆ, ಮೈಗೆ ತಾಗುವ ಗಾಳಿಯೂ ಕಡಿಮೆ. ನಾಕಿಂಗ್ ಶುರುವಾಗುವುದು ಇಂಥಲ್ಲೇ. ಒಂದು ಗೇರ್ ಇಳಿಸಿ, ಆರ್‌ಪಿಎಂ ಏರಲಿ ಬಿಡಿ. ಏರಿನಲ್ಲಿ ಗರಿಷ್ಠ ಟಾರ್ಕ್ ಅಂಕಿಯ ಆಸುಪಾಸಿನಲ್ಲಿ ಎಂಜಿನ್ ಆರಾಮವಾಗಿ ಎಳೆಯುತ್ತದೆ.

ಫ್ಯೂಯೆಲ್ ಇಂಜೆಕ್ಷನ್ ಬೈಕ್‌ಗಳಲ್ಲಿ ರೆವ್ ಲಿಮಿಟರ್ ಇರುತ್ತದೆ, ಕೆಂಪು ಗೆರೆ ದಾಟಲು ಬಿಡುವುದಿಲ್ಲ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಥ್ರಾಟಲ್ ತಿರುಚಿದಾಗ ಅದು ತಡೆಯುತ್ತದೆ, ಸರಿ. ಆದರೆ 90ರ ವೇಗದಲ್ಲಿ ತಪ್ಪಿ ಎರಡನೇ ಗೇರ್‌ಗೆ ಇಳಿಸಿದರೆ ಎಂಜಿನ್ ಅನ್ನು ತಿರುಗಿಸುವುದು ಹಿಂದಿನ ಚಕ್ರ. ಅಲ್ಲಿ ಲಿಮಿಟರ್ ಏನೂ ಮಾಡಲಾರದು.

ಟ್ಯಾಕೋಮೀಟರ್ ಇಲ್ಲದ 100 ಸಿಸಿ ಬೈಕ್‌ಗಳಲ್ಲಿ ಕೈಗೆ, ಕಾಲಿಗೆ, ಕಿವಿಗೆ ಗೊತ್ತಾಗುವುದೇ ಆಧಾರ. ಹ್ಯಾಂಡಲ್‌ನಲ್ಲಿ ಜುಮ್ಮೆನ್ನುವ ನಡುಕ ಶುರುವಾದರೆ ಐದಾರು ಕಿ.ಮೀ. ವೇಗ ಇಳಿಸಿ ನೋಡಿ. ಮೀಟರ್ ಇರುವವರಿಗೆ ಲೆಕ್ಕ ಸುಲಭ: ಒಂದೇ ಗೇರ್‌ನಲ್ಲಿ ವೇಗ, ಆರ್‌ಪಿಎಂ ಜೊತೆಜೊತೆಗೇ ಏರುತ್ತವೆ. ಟಾಪ್ ಗೇರ್‌ನಲ್ಲಿ 60ಕ್ಕೆ 3,000 ತೋರಿಸಿದರೆ 80ಕ್ಕೆ 4,000 ತೋರಿಸುತ್ತದೆ. 2018ರ ಕೇಂದ್ರ ಅಧಿಸೂಚನೆಯಂತೆ ಚತುಷ್ಪಥ ಹೆದ್ದಾರಿಯಲ್ಲೂ ಬೈಕ್‌ಗೆ ಗರಿಷ್ಠ ಮಿತಿ ಗಂಟೆಗೆ 80 ಕಿ.ಮೀ.; ಸಾಮಾನ್ಯ ರಸ್ತೆಗಳಲ್ಲಿ 60. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಕಾನೂನಿನ ಮಿತಿಯೊಳಗೆ ಓಡಿಸುವ 350 ಸಿಸಿ ಬೈಕ್‌ಗೆ ಆರ್‌ಪಿಎಂ ಚಿಂತೆ ಹೆಚ್ಚು ಬೇಕಿಲ್ಲ.

ಚಿಂತೆ ಬೇಕಾದದ್ದು ಆಯಿಲ್ ಮಟ್ಟದ ಬಗ್ಗೆ. ಫೋರ್ ಸ್ಟ್ರೋಕ್ ಎಂಜಿನ್ ಸೀಜ್ ಆಗಲು ದೊಡ್ಡ ಕಾರಣ ಆಯಿಲ್ ಕಡಿಮೆಯಾಗುವುದು. ದೀರ್ಘಕಾಲ ವೇಗವಾಗಿ ಓಡಿದರೆ ಹಳೆಯ ಎಂಜಿನ್‌ಗಳು ಸ್ವಲ್ಪ ಆಯಿಲ್ ಕುಡಿಯುತ್ತವೆ. ಹೊರಡುವ ಮುನ್ನವೂ, ಮರಳುವ ಮುನ್ನವೂ ಕೈಪಿಡಿಯಲ್ಲಿ ಹೇಳಿದಂತೆ ಗಾಡಿ ನೇರ ನಿಲ್ಲಿಸಿ ಡಿಪ್‌ಸ್ಟಿಕ್ ಅಥವಾ ಗಾಜಿನ ಕಿಂಡಿ ನೋಡಿ.

ದಾರಿಯಲ್ಲಿ ವಿರಾಮ ಬೇಕು, ಆದರೆ ಅದು ಸವಾರನಿಗೆ. ಒಂದೂವರೆ, ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಅಂಗಳದಲ್ಲಿ ನಿಲ್ಲಿ, ನೀರು ಕುಡಿಯಿರಿ. 80ರ ವೇಗದಲ್ಲಿ ಒಂದು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ 22 ಮೀಟರ್ ಮುಂದೆ ಹೋಗಿರುತ್ತದೆ.

ಓಡುತ್ತಿರುವಾಗ ಎಳೆತ ಇದ್ದಕ್ಕಿದ್ದಂತೆ ಕಡಿಮೆಯಾದರೆ, ಲೋಹ ಕಟಕಟ ಎನ್ನುವ ಸದ್ದು ಬಂದರೆ, ಸುಟ್ಟ ಆಯಿಲ್ ವಾಸನೆ ಬಂದರೆ, ಅಥವಾ ಆಯಿಲ್ ಇಲ್ಲವೇ ಟೆಂಪರೇಚರ್ ದೀಪ ಹತ್ತಿದರೆ ಮುಂದಿನ ಊರು ಬರಲಿ ಎಂದು ಕಾಯಬೇಡಿ. ಹಿಂದಿನ ಚಕ್ರ ಬಿಗಿಹಿಡಿದಂತೆ ಅನಿಸಿದ ಕ್ಷಣವೇ ಕ್ಲಚ್ ಒತ್ತಿ ಹಿಡಿಯಿರಿ; ಚಕ್ರ ಎಂಜಿನ್‌ನಿಂದ ಬಿಡಿಸಿಕೊಂಡು ಉರುಳುತ್ತದೆ. ಹಾಗೆಯೇ ಎಡಕ್ಕೆ ಬಂದು, ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ. ಬಿಸಿ ಎಂಜಿನ್ ಮೇಲೆ ಬಾಟಲಿ ನೀರು ಸುರಿಯಬೇಡಿ, ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ತಾನಾಗಿ ತಣಿಯಲಿ. ಆಮೇಲೆ ಮೊದಲು ನೋಡಬೇಕಾದದ್ದು ಆಯಿಲ್ ಮಟ್ಟ. ಅದು ಕಡಿಮೆಯಿದ್ದರೆ ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.