ಗುಳಿಗೆಗೆ ಬಗ್ಗದ ಸೋಂಕು: 1945ರ ಎಚ್ಚರಿಕೆ

ನವಲಗುಂದ, ಅಣ್ಣಿಗೇರಿ ಕಡೆ ಹತ್ತಿ ಬೆಳೆದವರಿಗೆ ಇದು ಗೊತ್ತು. ಒಂದೇ ಎಣ್ಣೆಯನ್ನು ವರ್ಷ ವರ್ಷ ಹೊಡೆದರೆ ಹುಳ ಅದಕ್ಕೆ ಬಗ್ಗುವುದಿಲ್ಲ. ಸಾಯದೆ ಉಳಿದ ನಾಲ್ಕು ಹುಳಗಳ ಸಂತತಿಯೇ ಮುಂದೆ ಹೊಲ ತುಂಬುತ್ತದೆ. ರೋಗಾಣುಗಳ ಕಥೆಯೂ ಇದೇ.

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಿಂದ ಪೆನ್ಸಿಲಿನ್ ಕಂಡುಹಿಡಿದರು. 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ತಮ್ಮ ಭಾಷಣದಲ್ಲಿ ಒಂದು ಕಲ್ಪಿತ ಪ್ರಸಂಗ ಹೇಳಿದರು. ಒಬ್ಬನಿಗೆ ಗಂಟಲುನೋವು. ತಾನೇ ಪೆನ್ಸಿಲಿನ್ ಕೊಂಡು, ಸಾಲದಷ್ಟು ತೆಗೆದುಕೊಂಡ. ರೋಗಾಣು ಸಾಯಲಿಲ್ಲ, ಔಷಧವನ್ನು ತಾಳಿಕೊಳ್ಳುವುದನ್ನು ಕಲಿಯಿತು. ಅದು ಹೆಂಡತಿಗೆ ತಗುಲಿ ನ್ಯುಮೋನಿಯಾ ಆಯಿತು. ಅವಳಿಗೆ ಪೆನ್ಸಿಲಿನ್ ನಾಟಲಿಲ್ಲ, ತೀರಿಕೊಂಡಳು. ತಪ್ಪು ಮಾಡಿದವ ಒಬ್ಬ, ಜೀವ ಹೋದದ್ದು ಇನ್ನೊಬ್ಬರದು.

1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಸರ್ಕಾರಿ ಪೆನ್ಸಿಲಿನ್ ಕಾರ್ಖಾನೆ ಸ್ಥಾಪನೆಯಾಯಿತು. 1957ರಲ್ಲಿ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂತು. ಮುಂದೆ ಕಿಮ್ಸ್ ಎಂದು ಹೆಸರಾಗಿದ್ದ, ಇಂದೂ ನಾವೆಲ್ಲ ಓಡಿಹೋಗುವ ಆಸ್ಪತ್ರೆ ಅದೇ. ಅಷ್ಟೊತ್ತಿಗಾಗಲೇ ಹೊರದೇಶದ ಆಸ್ಪತ್ರೆಗಳಲ್ಲಿ ಪೆನ್ಸಿಲಿನ್‌ಗೆ ಬಗ್ಗದ ರೋಗಾಣುಗಳು ಬೇರೂರಿದ್ದವು. ಅವಕ್ಕೆಂದು 1959ರಲ್ಲಿ ಮೆಥಿಸಿಲಿನ್ ಬಂತು. ಎರಡೇ ವರ್ಷಕ್ಕೆ ಅದನ್ನೂ ಮೀರಿದ ರೋಗಾಣು ಇಂಗ್ಲೆಂಡಿನಲ್ಲಿ ಸಿಕ್ಕಿತು. 1972ರಲ್ಲಿ ಪಕ್ಕದ ಕೇರಳದ ಕೋಳಿಕ್ಕೋಡಿನಲ್ಲಿ ಹಬ್ಬಿದ ಟೈಫಾಯ್ಡ್‌ಗೆ, ಅಲ್ಲಿಯವರೆಗೆ ನಂಬಿದ್ದ ಕ್ಲೋರಾಂಫೆನಿಕಾಲ್ ಕೆಲಸ ಮಾಡಲಿಲ್ಲ.

ಇದರ ಪೆಟ್ಟು ಹೆಚ್ಚು ಬೀಳುವುದು ಆಸ್ಪತ್ರೆಯಲ್ಲಿ. ಐಸಿಯುನಲ್ಲಿ ಮಲಗಿದವರಿಗೆ ಉಸಿರಿನ ಕೊಳವೆ, ಮೂತ್ರದ ನಳಿಕೆ, ಆಪರೇಷನ್ ಗಾಯ. ರೋಗಾಣುವಿಗೆ ಒಳಹೋಗಲು ಇವೇ ದಾರಿ. ತೊಳೆಯದ ಕೈ ಅದನ್ನು ಒಂದು ಮಂಚದಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಬೇರೆ ಔಷಧ ನಾಟದಾಗ ವೈದ್ಯರು ಕೊಲಿಸ್ಟಿನ್ ಹಿಡಿಯುತ್ತಾರೆ. ಕಿಡ್ನಿಗೆ ತೊಂದರೆ ಕೊಡುತ್ತದೆಂದು ಹಿಂದೆ ಬದಿಗಿಟ್ಟಿದ್ದ ಔಷಧವದು. ಅದನ್ನೇ ಕೋಳಿಗಳಿಗೂ ಹಾಕುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು.

2014ರಿಂದ ಕೆಲವು ಆಂಟಿಬಯಾಟಿಕ್‌ಗಳನ್ನು ಮಾರುವಾಗ ವೈದ್ಯರ, ರೋಗಿಯ ಹೆಸರನ್ನು ಅಂಗಡಿಯವರು ಬರೆದಿಡಬೇಕೆಂಬ ನಿಯಮವಿದೆ. ಗುಳಿಗೆ ಹಾಳೆಯ ಮೇಲಿನ ಕೆಂಪು ಗೆರೆಯೂ ಡಾಕ್ಟರ ಚೀಟಿ ಇಲ್ಲದೆ ಇದನ್ನು ಕೊಳ್ಳಬೇಡಿ ಎಂಬ ಗುರುತು. ಆದರೂ ನಮ್ಮಲ್ಲಿ “ನೆಗಡಿ ಆಗೇತಿ, ಎರಡು ಗುಳಿಗಿ ಕೊಡ್ರಿ” ಎನ್ನುವುದು ನಿಂತಿಲ್ಲ. ನೆಗಡಿ ತರುವುದು ವೈರಸ್, ಅದಕ್ಕೆ ಈ ಗುಳಿಗೆ ನಾಟುವುದೇ ಇಲ್ಲ. ಆದರೆ ಹೊಟ್ಟೆಯೊಳಗಿನ ರೋಗಾಣುಗಳಿಗೆ ಪಾಠ ಕಲಿಸಿ ಹೋಗುತ್ತದೆ. ನಾಳೆ ಅದೇ ಮನೆಯ ಅವ್ವನೋ ಬಾಣಂತಿಯೋ ಐಸಿಯುನಲ್ಲಿ ಮಲಗಿದಾಗ, ಆ ಪಾಠದ ಫಲ ಉಣ್ಣುವವರು ಅವರು.