ಬೆಂಗಳೂರಿನಲ್ಲಿ ಕೂಡಿದ ಎರಡು ಹಳಿಗಳು

ಮದರಾಸು ರೈಲ್ವೆಯು 1864ರಲ್ಲಿ ಬೆಂಗಳೂರಿನ ದಂಡುಪ್ರದೇಶವನ್ನು ಮುಟ್ಟಿತು. ಅದರ ಹಳಿಗಳ ನಡುವಣ ಅಂತರ 5 ಅಡಿ 6 ಅಂಗುಲ. ಡಾಲ್‌ಹೌಸಿಯ ಆಡಳಿತವು ಭಾರತಕ್ಕೆಂದು ನಿಶ್ಚಯಿಸಿದ ಅಳತೆ. 1881-82ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ತೆರೆದ ಮಾರ್ಗವಾದರೋ ಮೀಟರ್ ಗೇಜಿನದು. ಒಂದೇ ಊರಿನಲ್ಲಿ ಎರಡು ಅಳತೆಯ ಹಳಿಗಳು ಕೂಡಿದುದಕ್ಕೆ ಕಾರಣ ಖಜಾನೆಯ ಮಿತವ್ಯಯ.

ವೈಸರಾಯ್ ಮೇಯೊ 1870ರಲ್ಲಿ ಹೊಸ ಸರ್ಕಾರಿ ಮಾರ್ಗಗಳಿಗೆ ಕಿರಿಯ ಗೇಜನ್ನು ಒಪ್ಪಿದನು. ಹಗುರವಾದ ಕಂಬಿ, ಸಣ್ಣ ಎಂಜಿನ್, ಬಿಗಿಯಾದ ತಿರುವು, ಎಲ್ಲವೂ ಅಗ್ಗ. ಭಾರತ ಬೇಗನೆ ಮೆಟ್ರಿಕ್ ಮಾನಕ್ಕೆ ಬರುವುದೆಂಬ ನಿರೀಕ್ಷೆಯಿಂದ ಅಂತರವನ್ನು ಸರಿಯಾಗಿ 1 ಮೀಟರ್ ಎಂದು ಇಟ್ಟರು. (ಆ ಮಾನ ಬರಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತೆಂಬುದು ಬೇರೆ ಮಾತು.)

ಮೈಸೂರು ಮಾರ್ಗದ ಹುಟ್ಟಿಗೆ 1876-78ರ ಘೋರ ಕ್ಷಾಮದ ನಂಟಿದೆ. ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯ ಮುಂದೆ ಎತ್ತಿನ ಗಾಡಿಗಳಲ್ಲಿ ಹೋಗಬೇಕಿತ್ತು. ಮೇವು, ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿಯೇ ಈ ಮಾರ್ಗದ ಮಣ್ಣುಕೆಲಸ ಮೊದಲಾಯಿತು. ಒಳನಾಡಿಗೆ ಕಾಳು ತಡೆಯಿಲ್ಲದೆ ಹೋಗಲೆಂದು ಕಟ್ಟಿದ ದಾರಿಯ ಬಾಯಲ್ಲೇ ತಡೆಯೊಂದು ಉಳಿಯಿತು.

ಮದರಾಸಿನಿಂದ ಮೈಸೂರಿಗೆ ಹೊರಟ ವ್ಯಾಗನ್ ಬೆಂಗಳೂರನ್ನು ದಾಟಲಾರದು. ಅದರ ಗಾಲಿಗೆ ಮುಂದೆ ಹಳಿಯಿಲ್ಲ. ಇಂತಹ ಸಂಧಿಸ್ಥಾನಗಳಲ್ಲಿ ಕಟ್ಟೆಯ ಒಂದು ಬದಿಗೆ ಬ್ರಾಡ್ ಗೇಜ್ ವ್ಯಾಗನನ್ನೂ ಮತ್ತೊಂದು ಬದಿಗೆ ಮೀಟರ್ ಗೇಜ್ ವ್ಯಾಗನನ್ನೂ ತಂದು ನಿಲ್ಲಿಸುವರು. ನಡುವೆ ಹಮಾಲಿಗಳು. ಮೂಟೆಯನ್ನು ಇಳಿಸಿ, ಎಣಿಸಿ, ತಲೆಯ ಮೇಲೆ ಹೊತ್ತು ಎದುರಿನ ವ್ಯಾಗನಿಗೆ ಏರಿಸಬೇಕು. ದೊಡ್ಡ ವ್ಯಾಗನಿನ ಸರಕು ಸಣ್ಣದರಲ್ಲಿ ಹಿಡಿಯದು; ಎರಡನೆಯ ವ್ಯಾಗನಿಗೆ ಕಾಯಬೇಕು. ಚೀಲ ಹರಿದು ಕಾಳು ಸುರಿಯುವುದು, ಮಳೆಗೆ ನೆನೆಯುವುದು, ಲೆಕ್ಕದಲ್ಲಿ ಒಂದೆರಡು ಮೂಟೆ ಕಡಿಮೆ ಬೀಳುವುದು, ಇವೆಲ್ಲ ವರ್ತಕರಿಗೆ ಪರಿಚಿತ ಸಂಗತಿಗಳು.

ಮೀಟರ್ ಗೇಜನ್ನು ಬರಿಯ ತಪ್ಪೆಂದು ತಳ್ಳಿಹಾಕಲು ನಾನು ಒಪ್ಪೆನು. ಆ ಅಗ್ಗದ ಹಳಿ ಇಲ್ಲದಿದ್ದರೆ ಎಷ್ಟೋ ಊರುಗಳಿಗೆ ರೈಲು ಇನ್ನೂ ತಡವಾಗಿ ಬರುತ್ತಿತ್ತು. ಆದರೆ ಮೈಲಿಗೆ ಇಷ್ಟು ಉಳಿತಾಯವೆಂದು ಎಣಿಸುವುದು ಸುಲಭ. ಸಂಧಿಸ್ಥಾನದಲ್ಲಿ ದಿನದಿನವೂ ತೆರಬೇಕಾದುದನ್ನು ಎಣಿಸುವುದು ಕಷ್ಟ. ಆ ಋಣವನ್ನು ಹಮಾಲಿಯ ತಲೆ, ವರ್ತಕನ ಚೀಲಗಳು ಒಂದು ಶತಮಾನಕ್ಕೂ ಮಿಗಿಲಾಗಿ ತೀರಿಸುತ್ತ ಬಂದವು. ಏಕರೂಪ ಗೇಜಿನ ಯೋಜನೆ ಆರಂಭವಾದುದು 1992ರಲ್ಲಿ. ಬೆಂಗಳೂರು-ಮೈಸೂರು ಮಾರ್ಗ ಬ್ರಾಡ್ ಗೇಜಾದುದು ಆ ದಶಕದಲ್ಲಿ.